ಕುಂಟುವವರನ್ನು ಬಿಡದ ಗುರುಬಸವ
ಘಾಟ್ಕೋಪರ್‌ನ ಮೈದಾನದಲ್ಲಿ ದಿನಾ ಸಂಜೆ ಕೂರುವ ಗುರುಬಸವ, ಯಾರಾದರೂ ಕುಂಟುವುದು ಕಂಡರೆ ಸಾಕು, ಆಟವನ್ನೇ ನಿಲ್ಲಿಸಿಬಿಡುತ್ತಾನೆ. "ಏ ತಮ್ಮಾ, ಎಣ್ಣಿ ತಿಕ್ಕಬ್ಯಾಡ, ಸ್ಪೋರ್ಟ್ಸ್ ಡಾಕ್ಟರ್‌ಗೆ ತೋರ್ಸು. ಅವ್ರು ಆಟ ಬಿಡು ಅನ್ನಾಂಗಿಲ್ಲ, ಕಾಲು ಗಟ್ಟಿ ಮಾಡಿ ಮತ್ತ ಆಡಾಕ ಕಳಸ್ತಾರ" ಎನ್ನುತ್ತಾನೆ. ಹೊಸ ಚಪ್ಪಲಿ ಕಚ್ಚಿ ಕುಂಟುವ ಮುದುಕಿಗೂ ಅದೇ ಉಪದೇಶ. "ಕಾಕಾ, ಆ ಡಾಕ್ಟರ್ ನಿಮ್ಮ ಬೀಗರೇನ್ರಿ?" ಎಂದು ಹುಡುಗರು ನಗುತ್ತಾರೆ, ಅವನೂ ನಗುತ್ತಾನೆ. ಮಗಳು ಮಾಧುರಿ ಕಬಡ್ಡಿಯಲ್ಲಿ ಮೊಣಕಾಲು ತಿರುಚಿಕೊಂಡಾಗ ಇವನೇ ಎಣ್ಣೆ ತಿಕ್ಕಿ, ಪಟ್ಟಿ ಬಿಗಿದು, ಮರುದಿನದ ಫೈನಲ್‌ಗೆ ಇಳಿಸಿದ್ದ. ಆ ಕಾಲು ಮತ್ತೆ ಸರಿಹೋಗಲಿಲ್ಲ. ಈಗ ಮನೆಯಿರುವ ಚಾಳಿನ ಮೆಟ್ಟಿಲ ಬಳಿ ಬಂದಾಗಲೆಲ್ಲ ಅವಳು, "ಅಪ್ಪಾ, ನೀ ಮುಂದ ಇಳಿ" ಎನ್ನುತ್ತಾಳೆ. ತಾನು ಕಷ್ಟಪಟ್ಟು ಇಳಿಯುವುದನ್ನು ಅಪ್ಪ ನೋಡಬಾರದೆಂಬುದು ಅವಳ ಆಸೆ. ಅವನು ಕೆಳಗಿಳಿದು, ಅವಳಿಗೆ ಬೆನ್ನು ಹಾಕಿ ನಿಂತು ಕಾಯುತ್ತಾನೆ.