ಮಾದೇವಿ ಅಂದು ಶಾಲೆಗೆ ಬಂದಿದ್ದಳು

ಆ ಹೂದೋಟವನ್ನು ನಾನು ಪ್ರೀತಿಯಿಂದ ಮಾಡಲಿಲ್ಲ. ಒಂದು ಸುಳ್ಳನ್ನು ಮುಚ್ಚುವುದಕ್ಕೆ ಮಾಡಿದೆ. ಮಾದೇವಿ ಎಂಬ ಎಂಟು ವರ್ಷದ ಹುಡುಗಿ ಶಾಲೆಯ ಬಾವಿಗೆ ಬಿದ್ದು ಸತ್ತ ದಿನ ಶಾಲೆಗೆ ಬಂದಿದ್ದಳು. ಬಂದಿರಲಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ಬರೆದವಳು ನಾನು. ಅವಳ ಜೊತೆ ಓದುತ್ತಿದ್ದ ಇಪ್ಪತ್ತೆರಡು ಮಕ್ಕಳ ಬಾಯಲ್ಲಿ ಅದೇ ಸುಳ್ಳನ್ನು ಹೇಳಿಸಿದವಳೂ ನಾನೇ.

ಇದನ್ನು ಬರೆಯಬೇಡ ಎಂದು ನನ್ನ ತಮ್ಮ ಹೇಳುತ್ತಿದ್ದಾನೆ. ನೌಕರಿ ಇನ್ನೂ ಇದೆ, ಹೆಡ್‌ಮೇಷ್ಟ್ರು ತೀರಿಕೊಂಡಿದ್ದಾರೆ, ಸತ್ತವರ ಮೇಲೆ ಕೆಟ್ಟದ್ದು ಆಡಬಾರದು — ಇವು ಅವನ ಮಾತು. ಇರಲಿ. ಮಾದೇವಿಯೂ ಸತ್ತವಳೇ. ಅವಳನ್ನು ಶಾಲೆ ತಪ್ಪಿಸಿದ ಹುಡುಗಿ ಎಂದು ಊರೆಲ್ಲ ಇಷ್ಟು ವರ್ಷ ಆಡಿಕೊಂಡಿತಲ್ಲ, ಆಗ ಈ ನೀತಿಯನ್ನು ಯಾರೂ ಹೇಳಲಿಲ್ಲ.

ಆಗ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಾನು ಕೊಳ್ಳೇಗಾಲದ ನೇಕಾರರ ಮನೆಯವಳು. ನಮ್ಮ ಬೀದಿಯಲ್ಲಿ ಮಗ್ಗ ಬಿಟ್ಟು ನೌಕರಿಗೆ ಹೋದ ಮೊದಲ ಹೆಣ್ಣು. ಹನೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ. ಎರಡು ಕೋಣೆಯ ಶಾಲೆ, ಹಿಂದೆ ಕಟ್ಟೆಯಿಲ್ಲದ ಬಾವಿ. ನನಗೆ ಇಪ್ಪತ್ತಮೂರು ವರ್ಷ. ವಯಸ್ಸನ್ನು ನೆಪವಾಗಿ ಹೇಳುತ್ತಿಲ್ಲ — ಎಂಟು ವರ್ಷದ ಮಗುವಿನ ಮುಂದೆ ಇಪ್ಪತ್ತಮೂರು ಸಣ್ಣ ವಯಸ್ಸಲ್ಲ.

ಆ ದಿನ ಶಾಲಾ ಇನ್‌ಸ್ಪೆಕ್ಟರ್ ಬರುವವರಿದ್ದರು. ಬೆಳಿಗ್ಗೆಯಿಂದ ಗುಡಿಸುವುದು, ಸಾರಿಸುವುದು, ಗೋಡೆಗೆ ನಕ್ಷೆ ತೂಗುಹಾಕುವುದು. ಹಾಜರಿ ಕೂಗುವುದಕ್ಕೂ ಪುರಸತ್ತಾಗಿರಲಿಲ್ಲ. ಕುಡಿಯುವ ನೀರಿನ ಬಿಂದಿಗೆ ಖಾಲಿಯಾಗಿರುವುದು ಕಣ್ಣಿಗೆ ಬಿತ್ತು. ಮುಂದೆ ಕೂತಿದ್ದವಳು ಮಾದೇವಿ. ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದ ಎರಡು ಜಡೆ. ಇನ್‌ಸ್ಪೆಕ್ಟರ್ ಮುಂದೆ ಹೇಳಬೇಕಾದ ಪದ್ಯವನ್ನು ತುಟಿಯಲ್ಲೇ ಗುನುಗಿಕೊಳ್ಳುತ್ತಿದ್ದಳು.

"ಬಾವಿಯಿಂದ ಒಂದು ಬಿಂದಿಗೆ ನೀರು ತಗೊಂಡು ಬಾ" ಎಂದೆ.

"ಪದ್ಯ ಮುಗುಸ್ಬುಟ್ಟು ಓಯ್ತೀನಿ ಟೀಚ್ರೇ, ಇನ್ನೆಲ್ಡೇ ಸಾಲು."

"ಈಗಲೇ ಹೋಗು" ಎಂದೆ.

ಹೋದಳು. ಆಮೇಲೆ ನಾನು ಅವಳನ್ನು ಮರೆತೆ. ಬಾವಿಗೆ ಬಿದ್ದದ್ದನ್ನು ವಿಧಿ ಎನ್ನುವವರು ಎನ್ನಲಿ, ನಾನು ಅವಳನ್ನು ಮರೆತದ್ದು ಯಾವ ವಿಧಿ? ನಕ್ಷೆ ಸೊಟ್ಟಗಾಗಿದೆ ಎಂದು ಅದನ್ನು ಮೂರು ಸಲ ಇಳಿಸಿ ಏರಿಸಿದೆ. ದನ ಕಾಯುವ ಮುದುಕನೊಬ್ಬ ಬಾವಿಯಲ್ಲಿ ಬಿಂದಿಗೆ ತೇಲುತ್ತಿದೆ ಎಂದು ಕೂಗಿಕೊಂಡಾಗಲೇ ನನಗೆ ನೆನಪಾದದ್ದು.

ಜನ ಹಗ್ಗ ಹಿಡಿದು ಓಡುತ್ತಿದ್ದರು. ಹೆಡ್‌ಮೇಷ್ಟ್ರು ನನ್ನನ್ನು ಕೋಣೆಯೊಳಕ್ಕೆ ಕರೆದು ಕೇಳಿದ್ದು ಒಂದೇ ಮಾತು: "ಹಾಜರಿ ಹಾಕಿದ್ದೀರಾ?"

"ಇಲ್ಲ ಸಾರ್."

"ಹಾಗಾದರೆ ಆ ಹುಡುಗಿ ಇವತ್ತು ಬಂದೇ ಇಲ್ಲ. ಗೈರು ಬರೀರಿ."

ಬರೆದೆ. ಕೈ ನಡುಗಲಿಲ್ಲ. ನಡುಗಿತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು, ಆದರೆ ನಡುಗಲಿಲ್ಲ. ಆಮೇಲೆ ಅತ್ತು ಅತ್ತು ಕಣ್ಣು ಕೆಂಪಾಗಿದ್ದ ಮಕ್ಕಳ ಮುಂದೆ ನಿಂತು, ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಹೇಳಿಕೊಟ್ಟೆ. ಮಗ್ಗಿ ಹೇಳಿಸುವ ಹಾಗೆ ಮೂರು ಸಲ ಹೇಳಿಸಿದೆ. ಸಂಜೆ ಪೊಲೀಸರು ಬಂದು ಕೇಳಿದಾಗ ಇಪ್ಪತ್ತೆರಡು ಮಕ್ಕಳೂ ಒಂದೇ ರಾಗದಲ್ಲಿ ಹೇಳಿದರು: "ಮಾದೇವಿ ಇವತ್ತು ಬಂದಿರಲಿಲ್ಲಾ ಸಾ." ಒಂದು ಅಕ್ಷರ ತಪ್ಪಲಿಲ್ಲ.

ಹನ್ನೊಂದನೆಯ ದಿನ ಅವಳ ತಾಯಿ ರಾಚಮ್ಮ ಶಾಲೆಗೆ ಬಂದಳು. ಕೂಲಿ ಮಾಡುವ ಹೆಂಗಸು. ಬಾಗಿಲಿನ ಆಚೆಯೇ ನಿಂತಳು.

"ಟೀಚ್ರಮ್ಮ, ನಾನೇ ತಲೆ ಬಾಚಿ ಕಳುಸ್ದೆ ಕಣ್ರವ್ವ. ಈ ಬಾಗ್ಲುಗಂಟ ಬಂದು ಬುಟ್ಟು ಓದೆ. ದಿಟವಾಗ್ಲೂ ಬಂದಿರ್ನಿಲ್ವಾ?"

"ಬಂದಿರಲಿಲ್ಲ ರಾಚಮ್ಮ" ಎಂದೆ. ಅವಳ ಮುಖ ನೋಡಿಕೊಂಡೇ ಎಂದೆ.

ಅಲ್ಲಿಂದ ಮುಂದೆ ಊರು ತನ್ನ ತೀರ್ಪು ಕೊಟ್ಟಿತು. ಮಗುವನ್ನು ಶಾಲೆ ಬಿಡಿಸಿ ನೀರಿಗೆ ಕಳಿಸಿದಳು, ಈಗ ಟೀಚರಮ್ಮನ ತಲೆಗೆ ಕಟ್ಟುತ್ತಾಳೆ, ಎಂದರು. ಗಂಡ ಅವಳೊಂದಿಗೆ ಮಾತು ಬಿಟ್ಟ. ಬರುಬರುತ್ತಾ ಮನೆಯನ್ನೂ ಬಿಟ್ಟ.

ಮುಂದಿನ ಮಳೆಗಾಲದಲ್ಲಿ ನಾನು ತೋಟ ಶುರುಮಾಡಿದೆ. ಶಾಲೆಯ ಪಕ್ಕದ ಜಾಗಕ್ಕೆ ಮುಳ್ಳಿನ ಬೇಲಿ ಹಾಕಿಸಿ, ದಾಸವಾಳ, ಕನಕಾಂಬರ, ನಂದಿಬಟ್ಟಲು ನೆಟ್ಟೆ. ಮಕ್ಕಳನ್ನು ನೀರಿಗೆ ಕಳಿಸಲಿಲ್ಲ, ನಾನೇ ಹೊತ್ತೆ. ಅದನ್ನು ಕಂಡು ಊರಿನವರು ನನ್ನನ್ನು ತಾಯಿಕರುಳಿನವಳು ಎಂದರು — ಎನ್ನಲಿ ಎಂದು ಬಿಟ್ಟೆ. ಹೆಡ್‌ಮೇಷ್ಟ್ರು 'ಮಾದೇವಿ ಹೂದೋಟ' ಎಂದು ಬೋರ್ಡು ಬರೆಸಿದರು.

ಒಂದು ದಿನ ರಾಚಮ್ಮ ತನ್ನ ಮನೆಯಿಂದಲೇ ಒಂದು ಕೊಡ ನೀರು ಹೊತ್ತು ತಂದು ಗಿಡಗಳಿಗೆ ಹಾಕಿದಳು. ಮರುದಿನವೂ ಬಂದಳು. ಹೀಗೆ ಮೂರು ವರ್ಷ. "ನೀವೊಬ್ರೇ ಕಣ್ರವ್ವ ನನ್ ಮಗೀನ ನೆಪ್ಪು ಮಡಿಕಂಡಿರೋರು" ಎಂದು ನನ್ನ ಕೈಹಿಡಿದಳು. ಆ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯವೂ ನನಗಿರಲಿಲ್ಲ.

ತೋಟ ನೋಡಲು ಮೇಲಿನ ಅಧಿಕಾರಿಯೊಬ್ಬರು ಬಂದರು. ಹೆಡ್‌ಮೇಷ್ಟ್ರು ಭಾಷಣ ಮಾಡಿದರು. "ತಾಯಂದಿರೇ, ಮಕ್ಕಳನ್ನು ಶಾಲೆಗೆ ಕಳಿಸದೆ ನೀರಿಗೂ ಸೌದೆಗೂ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ತೋಟವೇ ಪಾಠ" ಎಂದರು. ನೆಲದ ಮೇಲೆ ಕೂತಿದ್ದ ಹೆಂಗಸರೆಲ್ಲ ತಿರುಗಿ ರಾಚಮ್ಮನನ್ನು ನೋಡಿದರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ನಾನು ಅವಳ ಗುಡಿಸಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ರಾಗಿ ಬೀಸುತ್ತಿದ್ದವಳು ಬೀಸುಕಲ್ಲಿನ ಗೂಟ ಹಿಡಿದುಕೊಂಡೇ ಕೇಳಿದಳು: "ಓಗೋವಾಗ ಏನಂದ್ಳು?"

"ಪದ್ಯ ಮುಗಿಸಿ ಹೋಗ್ತೀನಿ ಅಂದಳು. ನಾನು ಬಿಡಲಿಲ್ಲ."

ಎದ್ದಳು. ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡು ನೇರ ಶಾಲೆಗೆ ನಡೆದಳು. ಬೇಲಿ ದಾಟಿ ದಾಸವಾಳಕ್ಕೆ ಮೊದಲ ಏಟು ಹಾಕಿದಳು. ಒಂದೊಂದೇ ಗಿಡವನ್ನು ಬೇರು ಸಮೇತ ಕಿತ್ತು ಎಸೆದಳು. ಬೋರ್ಡನ್ನೂ ಕಿತ್ತಳು. ಊರು ಸೇರಿತು. ಹಿಡಿಯಲು ಬಂದ ಗಂಡಸರ ಎದುರು ನಾನು ಕೈಚಾಚಿ ಅಡ್ಡ ನಿಂತೆ. ಒಬ್ಬರನ್ನೂ ಒಳಗೆ ಬಿಡಲಿಲ್ಲ. ಅಷ್ಟು ಮಾಡಿದೆ. ಅಷ್ಟೇ ಮಾಡಿದೆ.

ಏಕೆಂದರೆ ರಾಚಮ್ಮ ನಾನು ಹೇಳಿದ್ದನ್ನೆಲ್ಲ ಅಲ್ಲೇ ಕೂಗಿ ಹೇಳಿದಾಗ ಹೆಡ್‌ಮೇಷ್ಟ್ರು ನನ್ನ ಕಡೆ ತಿರುಗಿ, "ಹೇಳಿ ಟೀಚರ್, ಇದು ನಿಜವಾ?" ಎಂದು ಕೇಳಿದರು. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ನಾನು ಬಾಯಿ ಬಿಡಲಿಲ್ಲ. "ಪಾಪ, ಟೀಚರ್ ಸಮಾಧಾನಕ್ಕೆ ಏನೋ ಹೇಳಿದ್ದಾರೆ, ಇವಳಿಗೆ ತಲೆ ಕೆಟ್ಟಿದೆ" ಎಂದರು ಅವರು. ಆಗಲೂ — ಆಗಲೂ ಸುಮ್ಮನಿದ್ದೆ. ಮೊದಲ ಸುಳ್ಳನ್ನು ಹೆದರಿಕೆಯಲ್ಲಿ ಹೇಳಿದೆ ಎಂದಾದರೂ ಅನ್ನಬಹುದು. ಈ ಮೌನಕ್ಕೆ ಯಾವ ಹೆಸರಿಡಲಿ? ಒಬ್ಬ ತಾಯಿಯನ್ನು ಹುಚ್ಚಿ ಎನ್ನಿಸಿ, ತಿಂಗಳೊಳಗೆ ಲೊಕ್ಕನಹಳ್ಳಿಯ ಆಚೆಯ ಶಾಲೆಗೆ ವರ್ಗ ಕೇಳಿಕೊಂಡು ಹೊರಟುಹೋದೆ.

ಈ ವರ್ಷ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು ನನ್ನನ್ನು ಗುರುತು ಹಿಡಿದಳು. ಸಾಕಮ್ಮ; ಮಾದೇವಿಯ ಪಕ್ಕ ಕೂರುತ್ತಿದ್ದವಳು.

"ಟೀಚ್ರೇ, ಒಂದ್ ಮಾತ್ ಕೇಳ್ಲಾ? ಅವತ್ತು ಮಾದೇವಿ ನನ್ ಪಕ್ದಲ್ಲೇ ಕೂತಿದ್ಳು ಅಂತ ನೆಪ್ಪು. ಆದ್ರೆ ಬಂದಿರ್ನಿಲ್ಲ ಅಂತ ನನ್ ಬಾಯಲ್ಲೇ ಯೋಳಿವ್ನಿ. ಈಗೀಗ ನಂಗೇ ಗೊತ್ತಾಯ್ತಿಲ್ಲ. ಯಾವ್ದು ದಿಟ?"

ರಾಚಮ್ಮನ ಮಾನವನ್ನು ಕಸಿದಿದ್ದೆ ಎಂಬುದು ನನಗೆ ಗೊತ್ತಿತ್ತು. ಈ ಮಕ್ಕಳ ನೆನಪನ್ನೂ ಕಸಿದಿದ್ದೆ ಎಂಬುದು ಅಲ್ಲಿ ತಿಳಿಯಿತು. "ನಿನ್ನ ನೆನಪೇ ದಿಟ. ನಾಡಿದ್ದು ಸೋಮವಾರ ನಾನು ಊರಿಗೆ ಬರುತ್ತೇನೆ, ಎಲ್ಲರಿಗೂ ಹೇಳುತ್ತೇನೆ" ಎಂದೆ.

ಹೋದೆ. ತೋಟವಿದ್ದ ಜಾಗದಲ್ಲಿ ಅವರೆ ಬೆಳೆದು ನಿಂತಿತ್ತು. ಗಿಡ ಕಿತ್ತ ವರ್ಷದಿಂದಲೂ ರಾಚಮ್ಮ ಅಲ್ಲಿ ಬಿತ್ತುತ್ತಾಳಂತೆ, ಹುಚ್ಚಿಯ ತಂಟೆ ಯಾಕೆಂದು ಯಾರೂ ತಡೆಯುವುದಿಲ್ಲವಂತೆ, ಶಾಲೆಯ ಮಕ್ಕಳು ಕಿತ್ತು ತಿಂದರೆ ಅವಳು ಬಯ್ಯುವುದಿಲ್ಲವಂತೆ. ಸಾಕಮ್ಮ ಹೇಳಿದಳು. ಮಗಳ ಹೆಸರಿನ ನಿಜವಾದ ತೋಟವನ್ನು ಬೋರ್ಡಿಲ್ಲದೆ ಮಾಡಿದವಳು ಅವಳು.

ರಾಚಮ್ಮ ಸೊಪ್ಪಿನ ನಡುವೆ ಬಗ್ಗಿ ಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು.

"ಈಗ್ಯಾಕ್ ಬಂದೆ?"

ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸರಿಯಾಗಿತ್ತು.

"ಅವತ್ತು ಹೇಳದೆ ಇದ್ದದ್ದನ್ನ ಹೇಳೋದಕ್ಕೆ."

ಸಾಕಮ್ಮ ಕರೆದಿದ್ದ ಜನ ಶಾಲೆಯ ಜಗಲಿಯ ಮುಂದೆ ಸೇರಿದ್ದರು. ಅಂದಿನ ಮಕ್ಕಳಲ್ಲಿ ಏಳೆಂಟು ಜನ ಇದ್ದರು. ನಾನು ಹೇಳತೊಡಗಿದೆ. ಹಾಜರಿ ಪುಸ್ತಕದ ಮಾತು ಬಂದಾಗ ಒಬ್ಬ ಹಿರಿಯರು ಎದ್ದು, "ಆಗೋಗಿದ್ದು ಆಗೋಯ್ತು, ಸಾಕ್ ನಿಲ್ಲುಸ್ರವ್ವ. ಊರ್ ಮರ್ವಾದೆ ಪ್ರಶ್ನೆ" ಎಂದರು.

ಎಲ್ಲರಿಗಿಂತ ಹಿಂದೆ, ಮಡಿಲಲ್ಲಿ ಅವರೆಕಾಯಿ ತುಂಬಿಕೊಂಡು ನಿಂತಿದ್ದ ರಾಚಮ್ಮ ಅಲ್ಲಿಂದಲೇ ಅಂದಳು: "ಯಾಕ್ ನಿಲ್ಲುಸ್ಬೇಕು? ಯೋಳು. ಗಟ್ಟಿಯಾಗ್ ಯೋಳು. ನಂಗೆ ಇಲ್ಲಿಗಂಟ ಕೇಳುಸ್ನಿಲ್ಲ."

ಅವಳು ನನ್ನನ್ನು ಕ್ಷಮಿಸಲಿಲ್ಲ, ನಾನೂ ಕೇಳಲಿಲ್ಲ. ಆ ಹಿರಿಯರು ಎದ್ದು ಹೋದರು, ಅವರ ಹಿಂದೆ ನಾಲ್ಕು ಜನ ಹೋದರು. ನಾನು ಮೊದಲಿನಿಂದ ಶುರುಮಾಡಿ, ಹಿಂದೆ ನಿಂತವಳಿಗೂ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದೆ.