ಸುಧಾ ಮಾಡಿದ ಸನ್ಮಾನ

ಸುಂಟಿಕೊಪ್ಪದ ಸುಧಾಳ ಮಾತು ನಿಧಾನ. ಹುಟ್ಟುವಾಗ ಆದ ಪೆಟ್ಟಿನಿಂದ ಅವಳ ನಾಲಿಗೆಯೂ ಬಲಗಾಲೂ ಹೇಳಿದ್ದನ್ನು ತಡವಾಗಿ ಕೇಳುತ್ತವೆ. ಎದುರಿನವರು ಕರುಣೆಯಿಂದ ಅವಳ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಾರೆ. ಆಗ ಅವಳು ಸುಮ್ಮನೆ ನಿಂತು, ಆ ವಾಕ್ಯವನ್ನು ಮತ್ತೆ ಮೊದಲಿಂದ ಶುರುಮಾಡುತ್ತಾಳೆ. ಊರವರು ಇದನ್ನು ಹಟ ಎನ್ನುತ್ತಾರೆ. ಹಟವೇ.

ಬಿ.ಕಾಂ. ಮುಗಿಸಿದ ವರ್ಷ ಅವಳು ಮಡಿಕೇರಿ ರಸ್ತೆಯ ಕಲ್ಲೇಶಪ್ಪನ ರೆಸಾರ್ಟಿಗೆ ಹೋಗಿ ಬುಕಿಂಗ್ ನೋಡಿಕೊಳ್ಳುವ ಕೆಲಸ ಕೇಳಿದಳು. ಕಲ್ಲೇಶಪ್ಪ ಅವಳ ಅಪ್ಪ ಶಾಂತಪ್ಪನಿಗೆ ದೂರದ ನೆಂಟ. ಅವಳ ಮೊದಲ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಅವನು ಕೈಯೆತ್ತಿದ.

"ಗೊತ್ತಾಯ್ತು ಬಿಡವ್ವ. ಗೆಸ್ಟ್ ಮುಂದೆ ನಿನ್ನ ಕೂರಿಸಿದ್ರೆ ಅವ್ರಿಗೂ ಸಂಕಟ, ನಿಂಗೂ ಸಂಕಟ. ಒಂದ್ ಕೆಲ್ಸ ಮಾಡ್ತೀನಿ, ಅಂಗವಿಕಲರ ದಿನ ನಿನ್ ಹೆಸ್ರಲ್ಲಿ ಅನ್ನದಾನ ಮಾಡಿಸ್ತೀನಿ. ಆಗ್ಬೋದಾ?"

ಬದುಕಿರುವವಳ ಹೆಸರಿಗೆ ಎಡೆ ಇಟ್ಟ ಹಾಗಾಯಿತು. ಸುಧಾ ಅಳಲಿಲ್ಲ, ನೆನಪಿಟ್ಟುಕೊಂಡಳು.

ಅವಳೂ, ಮಡಿಕೇರಿಯ ಅರ್ಚಕರ ಮಗಳು, ಕಣ್ಣು ಮಂಜಾದ ಹಂಸಿನಿಯೂ, ಕಿವಿ ಕೇಳದ ತೇಜಸ್ಸೂ ಸೇರಿ ಒಂದು ಸಂಘ ಕಟ್ಟಿದರು. ತಮ್ಮಂಥವರಿಗೆ ಕೆಲಸ ಕೇಳುತ್ತ ಹೋಂಸ್ಟೇಯಿಂದ ಹೋಂಸ್ಟೇಗೆ, ಅಂಗಡಿಯಿಂದ ಅಂಗಡಿಗೆ ಅಲೆದರು. ಎಲ್ಲ ಕಡೆಯೂ ಒಂದೇ ಉತ್ತರ: "ಕಲ್ಲೇಶಪ್ಪನವರೇ ತಗೊಂಡಿಲ್ಲ, ನಾವ್ ತಗೊಳ್ಳೋದಾ?" ಅವನು ಮಾಲೀಕರ ಸಂಘದ ಅಧ್ಯಕ್ಷ. ಅವನ ಒಂದು ಗೇಟು ಊರಿನ ಎಲ್ಲ ಗೇಟುಗಳಿಗೂ ಬೀಗವಾಗಿತ್ತು.

"ಅವ್ರಿಗೆ ಸನ್ಮಾನ ಮಾಡೋಣ," ಎಂದಳು ಸುಧಾ.

"ತಲೆ ಕೆಟ್ಟಿದ್ಯಾ ಮಾರಾಯ್ತಿ? ಚಪ್ಪಲಿ ಹಾರ ಬೇಕಿದ್ರೆ ಹೇಳು, ನಾನೇ ಪೋಣಿಸ್ತೀನಿ," ಎಂದಳು ಹಂಸಿನಿ.

"ಶಾಲು ಸಾಕು."

ನಮ್ಮ ಊರುಗಳಲ್ಲಿ ಯಾವುದಕ್ಕೆ ಸನ್ಮಾನ ಎಂದು ಯಾರೂ ಕೇಳುವುದಿಲ್ಲ. ತಾರೀಖು ಕೇಳುತ್ತಾರೆ, ವೇದಿಕೆಯ ಮೇಲೆ ಇನ್ಯಾರಿರುತ್ತಾರೆ ಎಂದು ಕೇಳುತ್ತಾರೆ. ಕಲ್ಲೇಶಪ್ಪನೂ ಅಷ್ಟೇ ಕೇಳಿದ. ಗರಿಗರಿ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನೂ ಜೊತೆಯ ಮಾಲೀಕರನ್ನೂ ಕರೆದುಕೊಂಡು ಬಂದ. ತೇಜಸ್ ಅವನ ತಲೆಗೆ ಪೇಟ ಇಟ್ಟ, ಹೆಗಲಿಗೆ ಶಾಲು ಹೊದಿಸಿದ, ಕೊರಳಿಗೆ ಹಾರ ಹಾಕಿ ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕೂರಿಸಿದ. ಹೀಗೆ ಹೇರಿಸಿಕೊಂಡ ಮನುಷ್ಯ ತಟ್ಟನೆ ಏಳಲಾರ. ಎದ್ದರೆ ಪೇಟ ಬೀಳುತ್ತದೆ, ಕಿತ್ತಳೆ ಸಭೆಯ ತುಂಬ ಉರುಳುತ್ತದೆ. ಸುಧಾ ಕಾದಿದ್ದು ಈ ಗಳಿಗೆಗೇ. ಅವಳು ಮೈಕ್ ಹಿಡಿದಳು.

"ಕಲ್ಲೇಶಪ್ಪ ಮಾವ... ನಮ್ಮಲ್ಲಿ ಯಾರಿಗೂ... ಕೆಲ್ಸ..."

"ಕೆಲ್ಸ ಕೊಟ್ಟಿದ್ದಾರೆ!" ಎಂದು ಕಾರ್ಯಕ್ರಮದ ನಿರೂಪಕ ನೆರವಿಗೆ ಬಂದ. ಚಪ್ಪಾಳೆ ಬಿತ್ತು.

ಸುಧಾ ಚಪ್ಪಾಳೆ ನಿಲ್ಲುವವರೆಗೆ ಕಾದು ಮೊದಲಿಂದ ಶುರುಮಾಡಿದಳು. "ಕಲ್ಲೇಶಪ್ಪ ಮಾವ... ನಮ್ಮಲ್ಲಿ ಯಾರಿಗೂ... ಕೆಲ್ಸ ಕೊಟ್ಟಿಲ್ಲ. ಕೊಡೋರನ್ನೂ... ಬಿಟ್ಟಿಲ್ಲ. ನಾನು ಸಂಬಳ ಕೇಳ್ದೆ... ನನ್ ಹೆಸ್ರಲ್ಲಿ ಅನ್ನದಾನ... ಮಾಡಿಸ್ತೀನಿ ಅಂದ್ರು. ಬದುಕಿರೋರ ತಿಥಿ ಮಾಡೋ... ದೊಡ್ಡ ಮನಸ್ಸಿಗೆ... ಈ ಸನ್ಮಾನ."

ಪ್ರತಿ ಪದಕ್ಕೂ ಸಭೆ ಕಾಯಬೇಕಾಯಿತು. ಕಲ್ಲೇಶಪ್ಪ ಬುಟ್ಟಿ ತಬ್ಬಿಕೊಂಡು ಕೂತೇ ಇದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಆ ನಗು ನಿಲ್ಲಲಿಲ್ಲ.

ಮರುದಿನ ಶಾಂತಪ್ಪ ಮಗಳ ಮುಂದೆ ಕೈಮುಗಿದ. "ಕಲ್ಲೇಶಪ್ಪ ಫೋನ್ ಮಾಡಿದ್ರು ಕಣವ್ವ. ತಪ್ಪಾಯ್ತು ಅಂತ ಒಂದ್ ಮಾತು ಹೇಳಿದ್ರೆ ಆಫೀಸ್ ಒಳಗೆ, ಯಾರಿಗೂ ಕಾಣದ ಹಾಗೆ ಒಂದ್ ಕೆಲ್ಸ ಕೊಡ್ತಾರಂತೆ."

"ಕಾಣದ ಹಾಗಾದ್ರೆ... ಬೇಡ ಅಪ್ಪ."

ಎರಡನೆಯ ಫೋನು ದೇರಪ್ಪನದು. ಅವನ ರೆಸಾರ್ಟು ಕಲ್ಲೇಶಪ್ಪನದಕ್ಕೆ ನೇರ ಎದುರು. ಇಬ್ಬರಿಗೂ ತೋಟದ ಬೇಲಿಯ ಜಗಳ, ಕೋರ್ಟಿನಲ್ಲಿದೆ. ಅವನು ಸುಧಾಳ ಅಂಕವನ್ನೂ ಕೇಳಲಿಲ್ಲ, ಕಾಲಿನ ವಿಷಯವನ್ನೂ ಎತ್ತಲಿಲ್ಲ.

"ಸೋಮವಾರದಿಂದ ಬಾ. ನಿನ್ನ ಟೇಬಲ್ ರೋಡಿನ ಕಡೆಯ ಗ್ಲಾಸಿಗೆ ತಾಗಿಸಿ ಹಾಕಿಸ್ತೇನೆ. ಅವ ಕಾರು ಹತ್ತುವಾಗೆಲ್ಲ ನಿನ್ನ ಮುಖ ಕಾಣ್ಬೇಕು."

ಇದು ದಯೆಯಲ್ಲ, ಹಗೆ ಎಂದು ಸುಧಾಳಿಗೆ ಗೊತ್ತಿತ್ತು. ಹಗೆಯಿಂದ ಸಿಕ್ಕ ಕೆಲಸಕ್ಕೂ ಸಂಬಳ ಅಷ್ಟೇ ಬರುತ್ತದೆ. ದಯೆಯಿಂದ ಅವಳಿಗೆ ಇದುವರೆಗೆ ಬಂದದ್ದು ಊಟ ಮಾತ್ರ.

"ಬರ್ತೀನಿ ಸಾರ್. ಆದ್ರೆ ನನ್ನ ಒಬ್ಳನ್ನೇ ನೋಡಿದ್ರೆ..."

"ಅವನಿಗೆ ಬುದ್ಧಿ ಬರುದಿಲ್ಲ, ಅಲ್ವಾ?" ಎಂದ ದೇರಪ್ಪ.

ಸುಧಾ ಮೊದಲಿಂದ ಶುರುಮಾಡಿದಳು. "ಬರ್ತೀನಿ ಸಾರ್. ಆದ್ರೆ ನನ್ನ ಒಬ್ಳನ್ನೇ ನೋಡಿದ್ರೆ... ಅವ್ರಿಗೆ ಉರಿ ಸಾಲಲ್ಲ. ತೇಜಸ್‌ನೂ... ಹಂಸಿನಿನೂ... ತಗೊಳ್ಳಿ."