ಮೂಸಿದ ದಾಸವಾಳ

ವೈಟ್‌ಫೀಲ್ಡ್‌ನ ಜಲವರ್ಣ ತರಗತಿಗೆ ಸೇರಿದ ಜೂನ್ ತಿಂಗಳಲ್ಲಿ ನನ್ನ ದಿನಚರಿಗೆ ಎರಡು ಹೊಸ ಕಾಲಂ ಹಾಕಿಕೊಂಡೆ. ಒಂದು ಬರೆದದ್ದು, ಇನ್ನೊಂದು ಹರಿದದ್ದು. ಜುಲೈ ಮುಗಿಯುವಾಗ ಎರಡರಲ್ಲೂ ಗೀಟುಗಳು ಸಮನಾಗಿದ್ದವು.

ತರಗತಿ ಪಟ್ಟಂದೂರು ಅಗ್ರಹಾರದ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ, ಭಾನುವಾರ ಮಧ್ಯಾಹ್ನ. ನಾನು ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಊರಿನ ಆ ತುದಿ ಮುಟ್ಟುತ್ತಿದ್ದೆ. ಉಳಿದವರು ಲಿಫ್ಟಿನಲ್ಲಿ ಇಳಿದು ಬರಬೇಕಿತ್ತು, ಅಷ್ಟೆ. ತಡವಾಗಿ ಬರುತ್ತಿದ್ದವರು ಅವರೇ. ಕಲಿಸುವ ಮೇಡಂ ಮಾತು ಮಾತಿಗೆ, ಕೈ ಸಡಿಲ ಬಿಡಿ, ನೀರು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ ಎನ್ನುತ್ತಿದ್ದರು. ನನ್ನ ಕಾಗದದ ಮೇಲೆ ನೀರು ಮಾಡಿದ ಕೆಲಸ ನೋಡಿದ್ದರೆ ಪೀಣ್ಯದ ಕಾರ್ಖಾನೆಗಳಲ್ಲಿ ಯಾರೂ ಅದನ್ನು ಒಂದು ಶಿಫ್ಟಿಗೂ ಇಟ್ಟುಕೊಳ್ಳುತ್ತಿರಲಿಲ್ಲ.

ಫೋನಿನ ಫೋಟೋ ನೋಡಿ ನಾನು ಬರೆದ ದಾಸವಾಳವನ್ನು ಮೇಡಂ ಎಲ್ಲರೆದುರು ಎತ್ತಿ ಹಿಡಿದು, ತಲೆಗೆಣ್ಣೆ ಬಾಟಲಿಯ ಮೇಲಿನ ಹೂವಿನಂತಿದೆ ಎಂದಿದ್ದರು. ಎಲ್ಲರೂ ನಕ್ಕರು. ನನಗೆ ಉರಿದದ್ದು ಮಾತು ನಿಜವಾಗಿದ್ದರಿಂದ. ಆಗಸ್ಟ್ ಕೊನೆಗೆ ಪ್ರದರ್ಶನ, ಪ್ರತಿಯೊಬ್ಬರದ್ದೂ ಒಂದು ಹೂ, ಗಿಡದ ಮೇಲಿರುವುದನ್ನೇ ನೋಡಿ ಬರೆಯಬೇಕು ಎಂದು ಅವರೇ ನಿಯಮ ಹಾಕಿದಾಗ ನಾನು ಒಂದು ತೀರ್ಮಾನಕ್ಕೆ ಬಂದೆ. ಆ ಗೋಡೆಯ ಮೇಲೆ ಕಣ್ಣಾರೆ ಕಂಡ ದಾಸವಾಳ ತೂಗುಹಾಕಬೇಕು. ಆಗದಿದ್ದರೆ ಬಣ್ಣದ ಡಬ್ಬಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕು. ಉಳಿದವರೂ ನಿಯಮಕ್ಕೆ ತಲೆಯಾಡಿಸಿದರು. ಸಂಜೆಗೆ ಅವರಲ್ಲೊಬ್ಬರು ಯಾವುದೋ ದ್ವೀಪದ ದಾಸವಾಳದ ಫೋಟೋವನ್ನು ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಎಸಳಿನ ಮೇಲೆ ಒಂದು ನೀರಿನ ಹನಿ ಸಮೇತ. ಎಲ್ಲರೂ ಅದಕ್ಕೆ ಹೃದಯ ಒತ್ತಿದರು.

ನಾನು ಬಾಡಿಗೆಗಿರುವ ದಾಸರಹಳ್ಳಿಯ ಮನೆಯ ಗೇಟಿನ ಪಕ್ಕದಲ್ಲೇ ದಾಸವಾಳದ ಗಿಡವಿದೆ, ಐದೆಸಳಿನ ಕೆಂಪು. ಬೆಳಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ. ವಾರಕ್ಕೆ ಆರು ದಿನ ಕಾರ್ಖಾನೆಯಲ್ಲಿ ಲೋಹದ ಬಿಲ್ಲೆಗಳ ತೂತು ಅಳೆಯುವ ನನಗೆ ಸಿಗುವುದು ಭಾನುವಾರದ ಬೆಳಗು ಮಾತ್ರ. ಮೊದಲ ಶನಿವಾರ ರಾತ್ರಿ ಎಣಿಸಿದಾಗ ಏಳು ಮೊಗ್ಗುಗಳಿದ್ದವು. ಬೆಳಗ್ಗೆ ಬಂದು ನೋಡಿದರೆ ಏಳು ಬೋಳು ತೊಟ್ಟು. ಬೀದಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರು ತುಳುಕಾಡುತ್ತ ಹೋಗುತ್ತಿತ್ತು.

ಕವರಿನ ಒಡೆಯರು ಎರಡು ಬೀದಿ ಆಚೆಯ ನಿವೃತ್ತ ಅಂಕಲ್. ತಲೆಗೆ ಮಂಕಿ ಕ್ಯಾಪು, ಕಾಲಿಗೆ ವಾಕಿಂಗ್ ಶೂ, ಕೈಯಲ್ಲಿ ತುದಿಗೆ ತಂತಿ ಕೊಕ್ಕೆ ಕಟ್ಟಿದ ಕೋಲು. ನಡಿಗೆ ಆರೋಗ್ಯಕ್ಕೆ, ಕೊಕ್ಕೆ ಮೋಕ್ಷಕ್ಕೆ. ಸ್ವಂತ ಮನೆಯ ಮುಂದೆ ಒಂದು ಚಿಟಿಕೆ ಮಣ್ಣೂ ಕಾಣದಂತೆ ಟೈಲ್ಸ್ ಹಾಕಿಸಿದ್ದಾರೆ. ಎರಡನೇ ಭಾನುವಾರ ನಾನು ಕೆಳಗಿಳಿಯುವ ಹೊತ್ತಿಗೆ ಅವರ ಕೆಲಸ ಮುಗಿದಿತ್ತು. ಒಂದೇ ಒಂದು ಬಿಡಿ, ಚಿತ್ರ ಬರೆಯಬೇಕು ಎಂದು ಕೇಳಿಕೊಂಡೆ.

"ದೇವರಿಗೆ ಕಣಪ್ಪ. ಗಿಡದಲ್ಲಿದ್ರೆ ಸಾಯಂಕಾಲಕ್ಕೆ ಬಾಡೋಗುತ್ತೆ," ಎಂದರು. "ನಿಂಗೆ ಫೋನಲ್ಲಿ ಬೇಕಾದಷ್ಟು ಸಿಗುತ್ತಲ್ಲ?"

ವೈಟ್‌ಫೀಲ್ಡಿನವರಿಗೂ ಇವರಿಗೂ ಒಂದೇ ಗುರು ಪಾಠ ಹೇಳಿರಬೇಕು.

ನಾನೇ ಕಿತ್ತು ಒಳಗಿಟ್ಟುಕೊಳ್ಳಬಹುದಿತ್ತು. ವಾರದ ನಡುವೆ ಹಾಗೂ ಮಾಡಿ ನೋಡಿದೆ. ಲೋಟದಲ್ಲಿ ಅರಳಿದ ಹೂ, ದಂಡ ಕಟ್ಟಲು ನಿಂತವನಂತೆ ಕತ್ತು ಬಗ್ಗಿಸಿಕೊಂಡಿತ್ತು. ಅದು ಗಿಡದ ಮೇಲಿನ ಹೂವಲ್ಲ.

ಮೇಲಿನ ಮಹಡಿಯ ಓನರ್ ಅಮ್ಮನಿಗೆ ದೂರು ಕೊಟ್ಟೆ. ಅವರು ಈ ಹಳ್ಳಿಯವರೇ. ಮನೆ ನಿಂತಿರುವ ಜಾಗ ಮೊದಲು ಅವರ ರಾಗಿ ಹೊಲ. ಅಂಕಲ್‌ನ ವಿಷಯ ಅವರಿಗೆ ಹೊಸದಲ್ಲ.

"ದ್ಯಾವ್ರಿಗೆ ಅಂತ ಕೀಳೋರ್ನ ಬ್ಯಾಡ ಅನ್ನಕಾಯ್ತದಾ ಮಗಾ? ನಮ್ ಗಿಡದ್ ಊವು ನಮ್ ದ್ಯಾವ್ರಿಗೇ ದಕ್ಕಿಲ್ಲ. ನಾನೂ ಮೆಟ್ರೋ ಕಂಬದ ತಾವ ಕಾಸು ಕೊಟ್ಟು ತತ್ತೀನಿ."

ಸ್ವಂತ ಗಿಡಕ್ಕೆ ನೀರು ಹೊಯ್ದು, ಹೂವನ್ನು ಬೀದಿಯಲ್ಲಿ ಕೊಳ್ಳುವ ಈ ಭಕ್ತಿಗೆ ನಾನು ಕೈಮುಗಿಯಲಾರೆ. ಆದರೆ ಉಪಾಯ ಹೊಳೆದದ್ದು ಆ ಭಕ್ತಿಯಿಂದಲೇ. ಚಿಕ್ಕಂದಿನಲ್ಲಿ ಪೂಜೆಯ ಬುಟ್ಟಿಗೆ ಮೂಗು ಹಾಕಿದ್ದಕ್ಕೆ ನಮ್ಮಮ್ಮ ಬೆನ್ನ ಮೇಲೆ ಒಂದು ಕೊಟ್ಟು, ಬುಟ್ಟಿಯ ಹೂವನ್ನಷ್ಟೂ ಚೆಲ್ಲಿದ್ದರು. ಮೂಸಿದ ಹೂ ದೇವರಿಗೆ ಆಗದು.

ಮೂರನೇ ಭಾನುವಾರ, ಅಂದರೆ ಪ್ರದರ್ಶನಕ್ಕೆ ಮುಂಚಿನ ಕೊನೆಯ ಭಾನುವಾರ, ಬೆಳಕು ಹರಿಯುವ ಮೊದಲೇ ಸ್ಟೂಲು ಹಾಕಿಕೊಂಡು ಗಿಡದ ಪಕ್ಕ ಕೂತೆ. ಕೊಕ್ಕೆ ಗೇಟಿನ ಮೇಲೆ ಕಾಣಿಸಿದ್ದೇ ಎದ್ದು, ಅಂಕಲ್ ಕಣ್ಣೆದುರೇ ಒಂದೊಂದು ಮೊಗ್ಗಿಗೂ ಮೂಗು ತಾಗಿಸಿ ಉಸಿರೆಳೆದೆ. ದಾಸವಾಳಕ್ಕೆ ವಾಸನೆಯೇ ಇಲ್ಲ. ಆದರೂ ಮದುವೆಮನೆಯ ಸಾರಿನ ಮುಂದೆ ನಿಂತವನಂತೆ ಆಹಾ ಎಂದೆ.

"ಏನೋ ಮಾಡ್ತಿದೀಯ?"

"ಮೂಸ್ತಿದೀನಿ ಸಾರ್."

"ಮೂಸಿದ್ದನ್ನ ದೇವರಿಗೆ ಇಡಕ್ಕಾಗುತ್ತೇನೋ?"

"ಆಗಲ್ಲ ಸಾರ್."

ಕೋಲು ಕೆಳಗಿಳಿಯಿತು. ಕದ್ದ ಹೂ ಒಪ್ಪುವ ದೇವರು ಮೂಸಿದ ಹೂ ಒಪ್ಪುವುದಿಲ್ಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಗೊಣಗುತ್ತ ಎದುರು ಮನೆಯ ಕಣಗಿಲೆಯತ್ತ ಹೊರಟರು.

ಬಾಲ್ಕನಿಯಿಂದ ಓನರ್ ಅಮ್ಮನ ದನಿ ಬಂತು. "ಎಲ್ಲಾನೂವೆ ಮೂಸ್ಬುಟ್ಯಾ?"

ಕಾಂಪೌಂಡಿನ ಮೇಲಕ್ಕೆ ಚಾಚಿದ್ದ ಒಂದು ಮಾತ್ರ ನನ್ನ ಮೂಗಿಗೆ ಎಟುಕಿರಲಿಲ್ಲ. ಹಾಗೆಂದೆ. ಅವರು ಬರಿಗಾಲಲ್ಲೇ ಇಳಿದು ಬಂದು, ಸ್ಟೂಲು ಹತ್ತಿ, ಅದನ್ನು ಕಿತ್ತು, ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಹೋದರು.

ಆಮೇಲೆ ಹೂ ನನ್ನದಾಯಿತು. ಫೋನ್ ನೋಡಿ ನಾನು ಬರೆದಿದ್ದ ಹೂಗಳಲ್ಲಿ ಐದೆಸಳೂ ಫ್ಯಾನಿನ ರೆಕ್ಕೆಗಳಂತೆ ಬಿಡಿಬಿಡಿಯಾಗಿದ್ದವು. ಇಲ್ಲಿ ಪ್ರತಿ ಎಸಳೂ ಒಂದೇ ದಿಕ್ಕಿಗೆ ಪಕ್ಕದ್ದರ ಮೇಲೆ ಅಂಚು ಹೊದಿಸಿತ್ತು. ಇಷ್ಟು ದಿನ ಇದನ್ನು ಕಾಣದ ಕಣ್ಣಿಗೆ ಕಾರ್ಖಾನೆ ಸಂಬಳ ಕೊಡುತ್ತಿದೆ. ಜಲವರ್ಣದಲ್ಲಿ ಕೆಂಪು ಮೋಸದ ಬಣ್ಣ. ಹಸಿಯಿದ್ದಾಗ ಕೆಂಡ, ಒಣಗಿದರೆ ಒಗೆದ ಪಂಚೆ. ಎರಡನೇ ಪದರ ಬೇಕೇ ಬೇಕು, ಮೂರನೆಯದು ಹಾಕಿದರೆ ಕೆಸರು. ಹೊಳಪು ಬೇಕಾದ ಕಡೆ ಬಿಳಿ ಬಳಿಯುವಂತಿಲ್ಲ, ಕಾಗದವನ್ನು ಮುಟ್ಟದೆ ಬಿಡಬೇಕು. ಏನನ್ನಾದರೂ ಮುಟ್ಟದೆ ಬಿಡುವುದು ನಮ್ಮ ಬೀದಿಯಲ್ಲಿ ಯಾರಿಗೂ ಬಾರದ ವಿದ್ಯೆ. ಕೆಳಗಿನ ಎಸಳನ್ನು ಹುಳ ತೂತು ಮಾಡಿತ್ತು. ತೂತು ಅಳೆಯುವುದೇ ನನ್ನ ಕಸುಬು, ಅದನ್ನು ಇದ್ದಷ್ಟೇ ಬರೆದೆ. ಆ ಹಾಳೆಗೆ ಹರಿದದ್ದರ ಕಾಲಂನಲ್ಲಿ ಗೀಟು ಬೀಳಲಿಲ್ಲ.

ಪ್ರದರ್ಶನದ ಗೋಡೆಯ ಮೇಲೆ ಒಂದೇ ದಾಸವಾಳ ಹತ್ತಾರು ಸಲ ಅರಳಿತ್ತು. ಎಲ್ಲದರಲ್ಲೂ ಅದೇ ಎಸಳು, ಅದೇ ಜಾಗದಲ್ಲಿ ಅದೇ ನೀರಿನ ಹನಿ. ಮೇಡಂ ಹನಿಗಳನ್ನು ಒಂದೊಂದಾಗಿ ಹೊಗಳುತ್ತ ಬಂದರು. ನನ್ನದು ಕುಡಿಯುವ ನೀರಿನ ಮೆಷಿನ್ನಿನ ಪಕ್ಕದಲ್ಲಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತರು.

"ಈ ತೂತು ಯಾಕೆ? ಫೋಟೋನೇ ಸರಿ ಇರ್ಲಿಲ್ವಾ?"

"ಫೋಟೋ ಇಲ್ಲ ಮೇಡಂ. ಹುಳ ತಿಂದಿತ್ತು."

"ಅದನ್ನ ಮುಚ್ಚಿಬಿಡಬೋದಿತ್ತಲ್ಲ," ಎಂದು ಮುಂದಿನ ಹನಿಗೆ ಹೋದರು. ತಲೆಗೆಣ್ಣೆಯ ಬಾಟಲಿ ಮಾತ್ರ ಅವರಿಗೆ ನೆನಪಾಗಲಿಲ್ಲ. ನನಗೆ ಅಷ್ಟು ಸಾಕಿತ್ತು. ಚಿತ್ರ ಇಳಿಸಿಕೊಂಡು, ಚಹಾ ಸಮೋಸಕ್ಕೆ ಕಾಯದೆ ಮೆಟ್ರೋ ಹತ್ತಿದೆ. ತರಗತಿಗೆ ಮತ್ತೆ ಹೋಗಿಲ್ಲ. ಬಣ್ಣದ ಡಬ್ಬಿಯನ್ನು ಯಾರಿಗೂ ಕೊಟ್ಟಿಲ್ಲ.

ಎಡಗಡೆಯ ಎಸಳಿನ ತಿರುವು ಇನ್ನೂ ಸರಿಯಾಗಿ ಕೂತಿಲ್ಲ. ಅದಕ್ಕಾಗಿ ಭಾನುವಾರಗಳಲ್ಲಿ ಗಿಡದ ಪಕ್ಕ ನಿಂತು, ಎಟುಕಿದ್ದನ್ನೆಲ್ಲ ಮೂಸುವುದು ನಡೆದೇ ಇದೆ. ಕಳೆದ ವಾರ ಅಂಕಲ್ ಗೇಟಿನಾಚೆ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಕೇಳಿದರು.

"ಒಂದಾದ್ರೂ ಬಿಟ್ಟಿದೀಯೇನಪ್ಪ?"

"ಬಿಟ್ಟಿದೀನಿ ಸಾರ್," ಎಂದೆ. "ಅದು ಓನರ್ ಅಮ್ಮಂದು."